ಮೂರು ತಲೆಮಾರಿನ ಚಿನ್ನದ ಅಂಗಡಿಯನ್ನು ಸಾಲ ಮಾಡಿ ನವೀಕರಿಸಬೇಕೇ, ಮುಚ್ಚಬೇಕೇ?

ಅಜ್ಜನ ಕಾಲದ ಹೆಸರೇ ಬಂಡವಾಳವೆಂದು ನಂಬಿ, ದೊಡ್ಡ ಮಳಿಗೆಗಳಿಗೆ ಎದುರಾಗಿ ನಿಲ್ಲಲು ಸಾಲ ಮಾಡಿ ಅಂಗಡಿಯನ್ನು ನವೀಕರಿಸುವುದೋ, ಬಾಗಿಲೆಳೆದು ಬೆಂಗಳೂರಿನ ನೌಕರಿಗೆ ಮರಳುವುದೋ ಎಂದು ಕೇಳಿದ್ದೀರಿ. ಶಿರಸಿಯ ನಮ್ಮ ಅಂಗಡಿಗೂ ನಾನು ಮೂರನೆಯ ತಲೆಮಾರಿನವನು, ಮತ್ತು ಆ ಸಾಲವನ್ನು ಮಾಡಿದವನು.

ಅಜ್ಜನದು ಅಂಗಡಿಯೇ ಆಗಿರಲಿಲ್ಲ. ಮನೆಯ ಜಗಲಿಯಲ್ಲಿ ಅಗ್ಗಿಷ್ಟಿಕೆ, ಊದುಕೊಳವೆ, ತಕ್ಕಡಿ, ಒರೆಗಲ್ಲು ಇಟ್ಟುಕೊಂಡು, ಅಡಿಕೆ ಮಾರಿದ ಮೇಲೆ ಬರುವ ಬೆಳೆಗಾರರಿಗೆ ಒಡವೆ ಮಾಡಿಕೊಡುತ್ತಿದ್ದರು. 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣ ನಿಯಮಗಳು ಜಾರಿಗೆ ಬಂದು 14 ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧತೆಯ ಹೊಸ ಒಡವೆ ಮಾಡಕೂಡದೆಂದಾಯಿತು. ಮಗಳ ಮದುವೆಗೆ 14 ಕ್ಯಾರೆಟ್ಟಿನ ತಾಳಿ ಮಾಡಿಸಲು ಯಾರು ಒಪ್ಪುತ್ತಾರೆ? ದೇಶದಾದ್ಯಂತ ಅಕ್ಕಸಾಲಿಗರು ಕುಲುಮೆ ಆರಿಸಿ ಬೇರೆ ಕೂಲಿ ಹುಡುಕಬೇಕಾಯಿತು. 1966ರಲ್ಲಿ ಆ ಮಿತಿ ಹೋಯಿತಾದರೂ 1968ರ ಚಿನ್ನ ನಿಯಂತ್ರಣ ಕಾಯ್ದೆಯ ಪರವಾನಗಿ ಮತ್ತು ದಾಸ್ತಾನಿನ ಕಟ್ಟುಪಾಡುಗಳು 1990ರವರೆಗೂ ಉಳಿದವು. ಆ ಕಾಯ್ದೆ ರದ್ದಾದ ಮೇಲೆಯೇ ತಂದೆಯವರು ಪೇಟೆಯಲ್ಲಿ ಗಾಜಿನ ಕಪಾಟಿಟ್ಟು ಕುಳಿತದ್ದು. ಇಂದಿನ ಎಷ್ಟೋ ಊರುಗಳ ‘ಪರಂಪರೆಯ’ ಅಂಗಡಿಗಳ ವಯಸ್ಸು ಇಷ್ಟೇ ಎಂಬುದು ನನ್ನ ಅನುಮಾನ. ಫಲಕದ ಮೇಲಿನ ಇಸವಿಯನ್ನು ಯಾರೂ ಒರೆಗೆ ಹಚ್ಚುವುದಿಲ್ಲ.

ನಿಜವಾಗಿ ನಡೆದು ಬಂದದ್ದು ಒಂದು ಮಾತು ಮಾತ್ರ. ಅಜ್ಜ ಪ್ರತಿ ಒಡವೆಯ ಕೊಂಡಿಗೆ ಎರಡಕ್ಷರದ ಮುದ್ರೆ ಒತ್ತುತ್ತಿದ್ದರು. ಆ ಮುದ್ರೆಯಿದ್ದರೆ ಯಾವತ್ತು ತಂದರೂ ಪ್ರಶ್ನೆಯಿಲ್ಲದೆ 22 ಕ್ಯಾರೆಟ್ಟಿನ ಅಂದಿನ ದರಕ್ಕೆ ಮರಳಿ ಕೊಳ್ಳುವುದು ಕರಾರು. ಬರಹದಲ್ಲಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ನಾನು ಹೊಸ ಅಂಗಡಿ ತೆರೆದೆ: ಹವಾನಿಯಂತ್ರಣ, ಸೋಫಾ, ಬಾಗಿಲಿಗೊಬ್ಬ ಕಾವಲುಗಾರ, ಮೇಜಿನ ಮೇಲೆ ಚಿನ್ನದ ಶುದ್ಧತೆ ಅಳೆಯುವ ಕ್ಯಾರೆಟ್ ಮೀಟರ್. ಆ ದಿನಗಳಲ್ಲೇ ಒಬ್ಬ ಅಮ್ಮ ಅಜ್ಜ ಮಾಡಿದ ನಲವತ್ತು ಗ್ರಾಮಿನ ಅವಲಕ್ಕಿ ಸರವನ್ನು ಮುರಿಸಲು ತಂದರು. ಅದರ ಒಂದೊಂದು ಚಪ್ಪಟೆ ಎಸಳಿಗೂ ಬೆಸುಗೆಯಿರುತ್ತದೆ. ಕ್ಯಾಡ್ಮಿಯಂ ಬೆಸುಗೆ, ಅಂದರೆ ಜನ ಹೇಳುವ ‘ಕೆಡಿಎಂ’, ಬರುವ ಮೊದಲು ಚಿನ್ನಕ್ಕೆ ತಾಮ್ರ, ಬೆಳ್ಳಿ ಧಾರಾಳವಾಗಿ ಬೆರೆಸಿ ಬೆಸುಗೆ ಮಾಡುತ್ತಿದ್ದರು, ಏಕೆಂದರೆ ಅದು ಒಡವೆಗಿಂತ ಮೊದಲು ಕರಗಬೇಕು. ಎಸಳು ಶೇಕಡಾ 91.6, ಅಂದರೆ 22 ಕ್ಯಾರೆಟ್, ಇದ್ದರೂ ಇಡೀ ಸರವನ್ನು ಕರಗಿಸಿದಾಗ ಶುದ್ಧತೆ ಇಳಿಯುವುದು ಅನಿವಾರ್ಯ. ಕರಗಿಸಿದ ಗಟ್ಟಿಯನ್ನು ಮೀಟರಿಗಿಟ್ಟೆ, 87 ತೋರಿಸಿತು. ಸುಮಾರು ಎರಡು ಗ್ರಾಮಿನ ಬೆಲೆಯನ್ನು ಮುರಿದುಕೊಂಡು ಚೀಟಿ ಬರೆದೆ. ಅವರು ಜಗಳವಾಡಲಿಲ್ಲ. “ಶೇಟರೇ, ಹಾಗಾದರೆ ನಿಮ್ಮಜ್ಜ ನಮಗೆ ಕಡಿಮೆ ಕೊಟ್ಟಿದ್ದರೇ?” ಎಂದು ಕೇಳಿ ಹಣ ಎಣಿಸಿಕೊಂಡು ಹೋದರು.

ಲೆಕ್ಕ ಸರಿಯಾಗಿತ್ತು, ಆದರೆ ಅದು ಅರ್ಧ ಲೆಕ್ಕ. ಅಜ್ಜ ಒಡವೆ ಮಾಡುವಾಗಲೇ ಮಜೂರಿಯ ಜೊತೆ ತೇಮಾನು, ಅಂದರೆ ಸವಕಳಿಯ ಬಾಬ್ತು, ಹಿಡಿಯುತ್ತಿದ್ದರು, ಮತ್ತು ಅದು ಅರ ಹಾಕುವಾಗ ಉದುರುವ ಪುಡಿಗಷ್ಟೇ ಅಲ್ಲ, ಮುಂದೊಂದು ದಿನ ಒಡವೆಯನ್ನು ಮರಳಿ ಪಡೆದಾಗ ಬೆಸುಗೆಯಿಂದ ಆಗುವ ನಷ್ಟಕ್ಕೂ ಸೇರಿತ್ತು. ಆ ಅಮ್ಮನ ಮನೆಯವರು ನಷ್ಟವನ್ನು ಅಂದೇ ತುಂಬಿಕೊಟ್ಟಿದ್ದರು. ನಾನು ಅದನ್ನೇ ಎರಡನೆಯ ಸಲ ವಸೂಲು ಮಾಡಿದೆ. ತಂದೆಯವರಿಗೆ ಇದು ತಿಳಿದಿತ್ತು, ನಾನು ಕೇಳಿರಲಿಲ್ಲ. ಯಂತ್ರ ಸುಳ್ಳು ಹೇಳುವುದಿಲ್ಲ ಎಂಬ ಧೈರ್ಯದಲ್ಲಿ, ಯಂತ್ರಕ್ಕೆ ಕರಾರು ಗೊತ್ತಿರುವುದಿಲ್ಲ ಎಂಬುದು ಹೊಳೆಯಲಿಲ್ಲ. ಸುದ್ದಿ ಹಳ್ಳಿಯಿಂದ ಹಳ್ಳಿಗೆ ಹೋಯಿತು. ಜಾತ್ರೆ ಮುಗಿಯುವಷ್ಟರಲ್ಲಿ ಜನ ಮುದ್ರೆಯ ಒಡವೆಗಳನ್ನು ಹಿಡಿದು ಸಾಲುಗಟ್ಟಿದರು, ಹೊಸದನ್ನು ಕೊಳ್ಳಲು ಅಲ್ಲ, ಮರಳಿಸಲು. ಬ್ಯಾಂಕಿನ ಕಂತಿನ ಜೊತೆಗೆ ಆ ಹಣವನ್ನೂ ಹೊಂದಿಸಲು ಹಿಂದಿನ ತೋಟದ ಜಾಗ ಮಾರಬೇಕಾಯಿತು.

ಆದ್ದರಿಂದ, ಹೆಸರು ಬಂಡವಾಳ ಎಂಬ ನಿಮ್ಮ ಮೂಲ ಎಣಿಕೆಯನ್ನೇ ನಾನು ಒಪ್ಪುವುದಿಲ್ಲ. ಹಳೆಯ ಹೆಸರೆಂದರೆ ಊರಿಗೆ ನೀವು ತೀರಿಸಬೇಕಾದ ಬಾಕಿ. ಸಾಲಕ್ಕೆ ಸಹಿ ಹಾಕುವ ಮುನ್ನ ತಂದೆಯವರನ್ನು ಕೂರಿಸಿ, ಯಾವ ಯಾವ ಮಾತಿನ ಮೇಲೆ ಒಡವೆ ಮಾರಿದ್ದಾರೆ, ಅಂಥವು ಒಟ್ಟಿಗೆ ಮರಳಿದರೆ ಕೈಯಿಂದ ಎಷ್ಟು ಹೋಗುತ್ತದೆ ಎಂದು ಬರೆದುಕೊಳ್ಳಿ. ಹಾಲ್‌ಮಾರ್ಕ್ 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾಗಿದೆ. 2023ರ ಏಪ್ರಿಲ್‌ನಿಂದ ಎಚ್‌ಯುಐಡಿ, ಅಂದರೆ ಪ್ರತಿ ಒಡವೆಗೂ ಪ್ರತ್ಯೇಕವಾದ, ಅಕ್ಷರ ಮತ್ತು ಅಂಕೆ ಬೆರೆತ ಆರು ಸ್ಥಾನಗಳ ಸಂಕೇತವಿಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಶುದ್ಧತೆಯ ವಿಷಯದಲ್ಲಿ ದೊಡ್ಡ ಮಳಿಗೆಗೂ ನಿಮಗೂ ಈಗ ವ್ಯತ್ಯಾಸವಿಲ್ಲ, ಅಲ್ಲಿ ಪೈಪೋಟಿ ಮಾಡುವುದು ವ್ಯರ್ಥ. ಆದರೆ ಗ್ರಾಹಕರ ಬಳಿಯಿರುವ ಹಾಲ್‌ಮಾರ್ಕ್ ಇಲ್ಲದ ಹಳೆಯ ಒಡವೆಯನ್ನು ಕೊಳ್ಳಲು ಅಡ್ಡಿಯಿಲ್ಲ. ಮುರಿದ ಕೊಂಡಿ, ಸವೆದ ಕರಿಮಣಿ ಸರದ ದುರಸ್ತಿಯನ್ನು ದೊಡ್ಡ ಮಳಿಗೆಗಳು ಅಷ್ಟಾಗಿ ಮೈಮೇಲೆ ಹಾಕಿಕೊಳ್ಳುವುದಿಲ್ಲ. ಬೆಸುಗೆ ಬಲ್ಲ ಒಬ್ಬ ಅಕ್ಕಸಾಲಿಗನಿಗೆ ತಿಂಗಳ ಸಂಬಳ ಕೊಟ್ಟು ಇಟ್ಟುಕೊಳ್ಳಿ, ಸೋಫಾ ಬೇಡ. ಬೆಂಗಳೂರಿನ ನೌಕರಿಯ ವಿಚಾರವನ್ನು ಬಾಕಿಯ ಪಟ್ಟಿ ಮುಗಿದ ಮೇಲೆ ಎತ್ತಿಕೊಳ್ಳಿ. ಬಾಕಿ ನಿಮ್ಮ ಶಕ್ತಿ ಮೀರಿದ್ದರೆ, ತಂದೆಯವರು ಎದುರಿಗಿರುವಾಗಲೇ ಒಂದೊಂದಾಗಿ ತೀರಿಸಿ ಅಂಗಡಿ ಮುಚ್ಚಿ.