ಮೂರು ತಿಂಗಳ ಸುಗ್ಗಿ, ಹನ್ನೆರಡು ತಿಂಗಳ ಕಂತು

ಪ್ರಶ್ನೆ: ನಾನು ಆನ್‌ಲೈನಿನಲ್ಲಿ ಆರ್ಡರ್ ಪಡೆದು ಫೋಟೋಬುಕ್, ಕ್ಯಾಲೆಂಡರ್ ಹಾಗೂ ಮಗ್‌ಗಳನ್ನು ಮುದ್ರಿಸಿಕೊಡುತ್ತೇನೆ. ವರ್ಷದ ವಹಿವಾಟಿನ ಅರ್ಧದಷ್ಟು ಕೊನೆಯ ಮೂರು ತಿಂಗಳಲ್ಲೇ ನಡೆಯುತ್ತದೆ. ಕಳೆದ ಬಾರಿ ಯಂತ್ರದ ಸಾಮರ್ಥ್ಯ ಸಾಲದೆ ಕೆಲವು ಆರ್ಡರ್‌ಗಳನ್ನು ಕೈಬಿಡಬೇಕಾಯಿತು. ಸಾಲ ಮಾಡಿ ಇನ್ನೊಂದು ಯಂತ್ರ ಕೊಳ್ಳಬಹುದೇ? ಲಾಭವಿದ್ದರೂ ವರ್ಷದ ನಡುವೆ ಖಾತೆ ಬರಿದಾಗುವುದೇಕೆ?

ಉತ್ತರ: ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಲೆಕ್ಕದಲ್ಲಿದೆ. ನಿಮ್ಮ ವಾರ್ಷಿಕ ಮಾರಾಟ 100 ಎಂದಿಟ್ಟುಕೊಳ್ಳಿ. ಅದರಲ್ಲಿ 40 ಕಾಗದ, ಶಾಯಿ, ಪ್ಯಾಕಿಂಗ್ ಮತ್ತು ಕೊರಿಯರ್‌ಗೆ ಹೋಗಲಿ. ಬಾಡಿಗೆ, ಸಂಬಳ, ಸರ್ವರ್ ಇತ್ಯಾದಿ ಸ್ಥಿರ ವೆಚ್ಚ ತಿಂಗಳಿಗೆ 4 ಇರಲಿ. ಮೊದಲ ಒಂಬತ್ತು ತಿಂಗಳ 50ರ ಮಾರಾಟದಿಂದ 30 ಉಳಿದರೂ ಸ್ಥಿರ ವೆಚ್ಚವೇ 36 ಆಗುವುದರಿಂದ 6 ನಷ್ಟವಾಗುತ್ತದೆ. ಸುಗ್ಗಿಯ ಮೂರು ತಿಂಗಳಲ್ಲಿ 18 ಲಾಭ ಬಂದು, ವರ್ಷಕ್ಕೆ 12 ನಿಲ್ಲುತ್ತದೆ. ಸುಗ್ಗಿಯ ಮಾರಾಟ ಐದರಲ್ಲೊಂದು ಭಾಗ ಕುಸಿದರೆ ಸಾಕು, ಆ 12 ಅರ್ಧಕ್ಕಿಳಿಯುತ್ತದೆ. ಈಗ ತಿಂಗಳಿಗೆ 1ರಂತೆ ಕಂತು ಸೇರಿಸಿ ನೋಡಿ: ಒಳ್ಳೆಯ ವರ್ಷದ ಲಾಭವೂ ಪೂರ್ತಿ ಕಂತಿಗೇ ಹೋಗುತ್ತದೆ. ಅದನ್ನು ತುಂಬಿಕೊಳ್ಳಲು ಸುಗ್ಗಿಯಲ್ಲಿ ಇನ್ನೂ 20ರಷ್ಟು ಮಾರಾಟ, ಅಂದರೆ ಈಗಿನದಕ್ಕಿಂತ ಶೇ. 40 ಹೆಚ್ಚು ಬೇಕು. ನೀವು ಕೈಬಿಟ್ಟ ಆರ್ಡರ್‌ಗಳು ಅಷ್ಟಿದ್ದವೇ?

ಗಾಳಿ ಬಂದಾಗ ತೂರಿಕೊಳ್ಳಬೇಕು, ನಿಜ. ಆದರೆ ಈ ವ್ಯಾಪಾರದಲ್ಲಿ ಗಾಳಿ ಬೀಸುವ ವಾರಗಳಲ್ಲೇ ಎಲ್ಲವೂ ದುಬಾರಿಯಾಗುತ್ತದೆ. ಪ್ರತಿಸ್ಪರ್ಧಿಗಳೆಲ್ಲ ಒಟ್ಟಿಗೇ ಜಾಹೀರಾತಿಗೆ ಮುಗಿಬೀಳುವುದರಿಂದ ಒಬ್ಬ ಗ್ರಾಹಕನನ್ನು ಕರೆತರುವ ಖರ್ಚು ಏರುತ್ತದೆ. ವಹಿವಾಟು ದಿಢೀರನೆ ಏರಿದ್ದನ್ನು ಕಂಡ ಪೇಮೆಂಟ್ ಗೇಟ್‌ವೇ (ಗ್ರಾಹಕರ ಆನ್‌ಲೈನ್ ಪಾವತಿಯನ್ನು ನಿಮಗೆ ತಲುಪಿಸುವ ಸಂಸ್ಥೆ) ಹಣದ ಒಂದು ಭಾಗವನ್ನು ತಡೆಹಿಡಿಯಲೂಬಹುದು, ಕಾರ್ಡ್ ಮೂಲಕ ಪಾವತಿಸಿದವರು ಹಣ ಮರಳಿ ಕೇಳುವ ತಕರಾರುಗಳು ಸುಗ್ಗಿ ಮುಗಿದ ಮೇಲೆ ಬಂದು ಕೂರಬಹುದು. ಮಾರಿದ ಗಿಫ್ಟ್ ವೋಚರ್‌ಗಳ ಹಣವೂ ಆಗ ಕೈಯಲ್ಲಿರುತ್ತದೆ, ಆದರೆ ಅದು ನೀವು ಇನ್ನೂ ಮಾಡಿಕೊಡಬೇಕಾದ ಕೆಲಸದ ಬಾಕಿ. ಅದನ್ನು ಲಾಭವೆಂದು ಖರ್ಚು ಮಾಡುವವರೇ ಹೆಚ್ಚು.

ನಿಮ್ಮ ಸರಕನ್ನು ಇನ್ನೊಬ್ಬರಿಗೆ ಮಾರಲಾಗದು ಎಂಬುದನ್ನೂ ಮರೆಯಬೇಡಿ. ಮಗುವಿನ ಹೆಸರಿನಲ್ಲಿ ಒಂದು ಕಾಗುಣಿತ ತಪ್ಪಾದ ಫೋಟೋಬುಕ್ ಮರಳಿ ಬಂದರೆ ಅದು ರದ್ದಿ, ಜೊತೆಗೆ ಮರುಮುದ್ರಣವೂ ಎರಡನೇ ಕೊರಿಯರ್ ವೆಚ್ಚವೂ ನಿಮ್ಮ ತಲೆಗೇ. ಹೊಸ ವರ್ಷ ಬಂದ ಮೇಲೆ ತಲುಪಿದ ಕ್ಯಾಲೆಂಡರಿನ ಗತಿಯೂ ಅಷ್ಟೇ.

ದೊಡ್ಡವರೂ ಇದರಿಂದ ಹೊರತಲ್ಲ. ಆನ್‌ಲೈನಿನಲ್ಲೇ ಫೋಟೋಬುಕ್ ಮುದ್ರಿಸಿಕೊಡುವ ಅಮೆರಿಕದ ಶಟರ್‌ಫ್ಲೈ ಕಂಪನಿಯು ಷೇರುಪೇಟೆಯಲ್ಲಿದ್ದಾಗ, ನಾಲ್ಕನೇ ತ್ರೈಮಾಸಿಕದ (ಅಕ್ಟೋಬರ್‌ನಿಂದ ಡಿಸೆಂಬರ್) ಮೇಲಿನ ಅವಲಂಬನೆಯನ್ನು ತನ್ನ ವಾರ್ಷಿಕ ವರದಿಗಳಲ್ಲಿ ಅಪಾಯವೆಂದೇ ನಮೂದಿಸುತ್ತಿತ್ತು. 2018ರಲ್ಲಿ ಶಾಲಾ ಛಾಯಾಚಿತ್ರಗಳ ಲೈಫ್‌ಟಚ್ ಕಂಪನಿಯನ್ನು ಅದು ಖರೀದಿಸಿತು. ನಿಮ್ಮ ಮಟ್ಟದಲ್ಲಿ ಶಾಲೆ, ಕಚೇರಿಗಳ ಕೆಲಸ ಹಿಡಿದರೂ ಖಾಲಿ ತಿಂಗಳುಗಳ 6ರ ನಷ್ಟ ಕರಗುತ್ತದೆ.

ಆದ್ದರಿಂದ ಈ ವರ್ಷ ಯಂತ್ರ ಬೇಡ. ಹೆಚ್ಚುವರಿ ಆರ್ಡರ್‌ಗಳನ್ನು ಬೇರೊಂದು ಮುದ್ರಣಾಲಯಕ್ಕೆ ಒಪ್ಪಿಸಿ. ಲಾಭ ಕಡಿಮೆಯಾದರೂ ಒಂಬತ್ತು ತಿಂಗಳು ಕಂತಿನ ಹೊರೆಯಿರುವುದಿಲ್ಲ. ಸುಗ್ಗಿಗೆ ಮುಂಚೆಯೇ ಒಂದೇ ಫೋಟೋವನ್ನು ನಿಮ್ಮಲ್ಲೂ ಆ ಮುದ್ರಣಾಲಯದಲ್ಲೂ, ಒಂದೇ ಬಗೆಯ ಕಾಗದದ ಮೇಲೆ ಮುದ್ರಿಸಿ, ಮುಖದ ಬಣ್ಣ ಹೊಂದುತ್ತದೆಯೇ ಎಂದು ಹಗಲು ಬೆಳಕಿನಲ್ಲಿ ನೋಡಿ. ಮುಂದೆ ಸಾಲ ಮಾಡಲೇಬೇಕಾದರೆ, ಕಂತಿನ ದೊಡ್ಡ ಪಾಲು ಸುಗ್ಗಿಯ ನಂತರ ಬೀಳುವಂತೆ ಬ್ಯಾಂಕಿನೊಂದಿಗೆ ಮೊದಲೇ ಮಾತಾಡಿಕೊಳ್ಳಿ.