ಮೂರು ಎಕರೆ ಅರೇಬಿಕಾ ಇದೆ, 1,200 ಮೀಟರ್ ಎತ್ತರ. ಸ್ಪೆಷಾಲಿಟಿ ಕಾಫಿ ಮಾಡಬಹುದಾ? ಹಳೇ 795 ತಳಿಯ ಗಿಡ ಕಿತ್ತು ಹೊಸ ತಳಿ ಹಾಕಬೇಕಾ?

ಮಾಡಬಹುದು. ಆದರೆ ಮೊದಲ ವರ್ಷವೇ ಮೂರೂ ಎಕರೆಯ ಹಣ್ಣು ಅದಕ್ಕೆ ಸುರಿಯಬೇಡಿ. ನೂರು ಕೆ.ಜಿ. ಹಣ್ಣಿನಿಂದ ಶುರು ಮಾಡಿ. ನನಗೂ ಚಿಕ್ಕಮಗಳೂರಿನ ಗಿರಿ ಕಡೆ ನಾಲ್ಕು ಎಕರೆ ಇದೆ. ಕೈ ಸುಟ್ಟುಕೊಂಡೇ ಹೇಳುತ್ತಿದ್ದೇನೆ.

ನಿಮ್ಮ ಜಾಗ ಚೆನ್ನಾಗಿದೆ. ತಂಪಿಗೆ ಹಣ್ಣು ನಿಧಾನವಾಗಿ ಮಾಗುತ್ತದೆ, ಬೀಜ ಗಟ್ಟಿಯಾಗುತ್ತದೆ. ಬಾಬಾಬುಡನ್‌ಗಿರಿ ಅರೇಬಿಕಾಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತು ಕೂಡ ಸಿಕ್ಕಿತು. ಆದರೆ ಕುಡಿದು ನೋಡುವವರು ಬೆಟ್ಟಕ್ಕೆ ಅಂಕ ಕೊಡುವುದಿಲ್ಲ. 100ಕ್ಕೆ 80 ಬಂದರೆ ಸ್ಪೆಷಾಲಿಟಿ, ಇಲ್ಲದಿದ್ದರೆ ಮಾಮೂಲಿ ಕಾಫಿ.

ಅಂಕ ಮೊದಲು ಸೋರುವುದು ಕೊಯ್ಲಿನಲ್ಲಿ. ಕೆ.ಜಿ. ಲೆಕ್ಕದಲ್ಲಿ ಕೂಲಿ ಕೊಟ್ಟರೆ ಕಾಯಿ, ಅರೆಹಣ್ಣು, ಹಣ್ಣು ಎಲ್ಲ ಒಟ್ಟಿಗೇ ಚೀಲಕ್ಕೆ ಬೀಳುತ್ತದೆ. ಅವರನ್ನು ಬೈದು ಪ್ರಯೋಜನವಿಲ್ಲ, ಲೆಕ್ಕ ಇಟ್ಟಿದ್ದು ನಾವೇ ಅಲ್ವಾ? ಈ ಲಾಟಿಗೆ ದಿನಗೂಲಿ ಕೊಡಿ, ಪೂರ್ತಿ ಕೆಂಪಾದದ್ದನ್ನೇ ಬಿಡಿಸಲು ಹೇಳಿ. ಆಮೇಲೆ ನೀರಿಗೆ ಹಾಕಿ, ತೇಲಿದ್ದನ್ನು ತೆಗೆದುಬಿಡಿ.

ನಾನು ಮೊದಲು ಮಾಡಿದ್ದು ನ್ಯಾಚುರಲ್, ಅಂದರೆ ಹಣ್ಣನ್ನು ಹಾಗೇ ಒಣಗಿಸುವುದು. ಸುಲಭ ಅಂದುಕೊಂಡಿದ್ದೆ. ಡಿಸೆಂಬರಿನಲ್ಲಿ ಎರಡು ದಿನ ಮೋಡ ಕಟ್ಟಿ ಮಳೆ ಬಂತು. ಕಣದ ಮೇಲೆ ಟಾರ್ಪಾಲ್ ಹೊದಿಸಿದೆ. ಮೂರನೇ ದಿನ ತೆಗೆದರೆ ವಿನೆಗರ್ ವಾಸನೆ, ಹಣ್ಣಿನ ಮೇಲೆ ಬೂದು ಬೂಷ್ಟು. ಊರಿನ ವ್ಯಾಪಾರಿ ಹೇಳಿದ ಬೆಲೆಗೆ ಕೊಟ್ಟು ಸುಮ್ಮನಾದೆ.

ಹಾಗಾಗಿ ನೀವು ವಾಶ್ಡ್‌ನಿಂದಲೇ, ಅಂದರೆ ಬೀಜ ಬಿಡಿಸಿ ತೊಳೆದು ಒಣಗಿಸುವುದರಿಂದಲೇ ಶುರು ಮಾಡಿ. ಕೊಯ್ದ ಸಂಜೆಯೇ ಪಲ್ಪ್ ಮಾಡಿ, ಅಂದರೆ ಹಣ್ಣಿನ ಸಿಪ್ಪೆ ಸುಲಿದು, ಬೀಜಕ್ಕೆ ಅಂಟಿದ ಲೋಳೆ ಬಿಡಲು ತೊಟ್ಟಿಗೆ ಹಾಕಿ. ಎಷ್ಟು ಗಂಟೆ ಬಿಡಬೇಕು ಅಂತ ವಿಡಿಯೋ ನೋಡಿ ತೀರ್ಮಾನಿಸಬೇಡಿ. ನಮ್ಮ ಚಳಿಗೆ 30 ಗಂಟೆ ಹಿಡಿದದ್ದೂ ಇದೆ. ಒಂದು ಹಿಡಿ ತೆಗೆದು ತೊಳೆದು ಅಂಗೈಯಲ್ಲಿ ಉಜ್ಜಿ. ಲೋಳೆ ಹೋಗಿದ್ದರೆ ಸಣ್ಣ ಜಲ್ಲಿಕಲ್ಲು ಉಜ್ಜಿದ ಹಾಗೆ ತರಿತರಿ ಆಗುತ್ತದೆ. ರಾಶಿಗೆ ಕೋಲು ಚುಚ್ಚಿ ತೆಗೆದರೆ ತೂತು ಮುಚ್ಚಿಕೊಳ್ಳದೆ ಹಾಗೇ ನಿಲ್ಲಬೇಕು. ಆಗ ತಡಮಾಡದೆ ತೊಳೆದುಬಿಡಿ, ರಾತ್ರಿ ಎರಡು ಗಂಟೆಯಾದರೂ ಸರಿ.

ನೆಲದಿಂದ ಎತ್ತರಕ್ಕೆ ಬಲೆ ಕಟ್ಟಿ, ತೆಳುವಾಗಿ ಹರಡಿ, ಆಗಾಗ ಕೈಯಾಡಿಸಿ. ಮಧ್ಯಾಹ್ನದ ಬಿಸಿಲಿಗೆ ನೆರಳು ಬಲೆ ಬೇಕು, ಇಲ್ಲದಿದ್ದರೆ ಬೀಜದ ಮೇಲಿನ ಪಾರ್ಚ್‌ಮೆಂಟ್ ಸಿಪ್ಪೆ ಬಿರಿಯುತ್ತದೆ. ತೇವ 10–11%ಕ್ಕೆ ಇಳಿಯಬೇಕು. ನಮ್ಮಪ್ಪ ಹಲ್ಲಲ್ಲಿ ಕಚ್ಚಿ ಹೇಳುತ್ತಿದ್ದರು, ಇದಕ್ಕೆ ಅದು ಸಾಲದು, ಮೀಟರ್ ಬೇಕು.

ನೂರು ಕೆ.ಜಿ. ಹಣ್ಣಿಗೆ ಹೆಚ್ಚುಕಡಿಮೆ 20 ಕೆ.ಜಿ. ಪಾರ್ಚ್‌ಮೆಂಟ್ (ಆ ಸಿಪ್ಪೆಯಿರುವ ಒಣಬೀಜ), ಸಿಪ್ಪೆ ತೆಗೆದರೆ 16 ಕೆ.ಜಿ. ಬೀಜ. ಅದರಲ್ಲಿ ಸ್ವಲ್ಪ ಕಾಫಿ ಬೋರ್ಡಿನ ಲ್ಯಾಬಿಗೆ ಕಪ್ಪಿಂಗ್‌ಗೆ, ಅಂದರೆ ರುಚಿ ನೋಡಿ ಅಂಕ ಕೊಡಲು ಕಳಿಸಿ, ಉಳಿದದ್ದರ ಸ್ಯಾಂಪಲ್ ಹಿಡಿದು ಕಾಫಿ ಹುರಿದು ಮಾರುವ ಸಣ್ಣ ರೋಸ್ಟರ್‌ಗಳ ಹತ್ತಿರ ಹೋಗಿ. ಕೊಳ್ಳುವವರು ಸಿಕ್ಕ ಮೇಲೆ ಲಾಟು ದೊಡ್ಡದು ಮಾಡಿ.

795 ಕೀಳಬೇಡಿ. ಬಾಳೆಹೊನ್ನೂರು ಸಂಶೋಧನಾ ಕೇಂದ್ರದ ಆ ತಳಿಗೆ ರುಚಿಯಲ್ಲಿ ಒಳ್ಳೆಯ ಹೆಸರಿದೆ. ಬೋರರ್ (ಕಾಂಡ ಕೊರೆಯುವ ಹುಳ) ಹೊಡೆದ ಗಿಡ ಮಾತ್ರ ಕಿತ್ತು ಸುಟ್ಟುಹಾಕಿ, ಅಷ್ಟು ಜಾಗಕ್ಕೆ ಬೇಕಿದ್ದರೆ ಚಂದ್ರಗಿರಿ ತಳಿ ಹಾಕಿಕೊಳ್ಳಿ. ಮರಗಸಿ ಮಾಡುವಾಗ, ಅಂದರೆ ನೆರಳು ಮರದ ಕೊಂಬೆ ಕಡಿಯುವಾಗ, ನೆರಳು ಜಾಸ್ತಿ ತೆಗೆಯಬೇಡಿ, ಬಿಸಿಲು ಬಿದ್ದ ಕಡೆಯೇ ಬೋರರ್ ಮೊದಲು ಬರುವುದು.