ಪೀರ್ ಸಪೋರ್ಟ್ ಕಾರ್ಯಕರ್ತರ ವಾಟ್ಸಾಪ್ ಗುಂಪಿನಲ್ಲಿ ಅಡ್ಮಿನ್ ಏನನ್ನು ಬಿಡಬೇಕು, ಏನನ್ನು ತಡೆಯಬೇಕು?

ಚಿಂತಾಮಣಿ, ಶಿಡ್ಲಘಟ್ಟ ಕಡೆ ನೀವು ಕೆಲವರು ಮಾನಸಿಕ ಕಾಯಿಲೆ ಅನುಭವಿಸಿ ಚೇತರಿಸಿಕೊಂಡು, ಈಗ ಅದೇ ಕಷ್ಟದಲ್ಲಿರುವವರ ಮನೆಗಳಿಗೆ ಹೋಗಿ ಜೊತೆಯಾಗುತ್ತಿದ್ದೀರಿ. ನಿಮ್ಮ ನಿಮ್ಮಲ್ಲೇ ಮಾತಾಡಿಕೊಳ್ಳಲು ವಾಟ್ಸಾಪ್ ಗುಂಪು ಮಾಡಿದ್ದೀರಿ. ಅದನ್ನು ಹತೋಟಿಯಲ್ಲಿ ನಡೆಸುವುದು ಹೇಗೆ, ಮತ್ತೆ ಹುಷಾರು ತಪ್ಪಿದ ಸದಸ್ಯರನ್ನು ಗುಂಪಿನಿಂದ ತೆಗೆಯಬೇಕೇ ಎಂದು ಕೇಳಿದ್ದೀರಿ. ಕೋಲಾರದಲ್ಲಿ ಇಂಥದೇ ಒಂದು ಗುಂಪು ನೋಡಿಕೊಳ್ಳುವವರಲ್ಲಿ ನಾನೂ ಒಬ್ಬಳು.

ಗುಂಪಿನಲ್ಲಿ ಇಲ್ಲದವರನ್ನು ಕಾಯುವುದು ಅಡ್ಮಿನ್‌ನ ಮೊದಲ ಕೆಲಸ. ಇರುವವರು ತಮ್ಮ ಪರವಾಗಿ ತಾವೇ ಮಾತಾಡಿಕೊಳ್ಳುತ್ತಾರೆ. ನೀವು ನೋಡಿಬಂದ ಆ ತಾಯಿಯ ಪರ, ಆ ಹುಡುಗನ ಪರ ಮಾತಾಡಲು ಅಲ್ಲಿ ಯಾರೂ ಇರುವುದಿಲ್ಲ. "ಹೆಸರೇ ಹಾಕಿಲ್ವಲ್ಲ ಅಕ್ಕ" ಅನ್ನುತ್ತಾರೆ. ಬೆಂಗಳೂರಿನಲ್ಲಾದರೆ ಹೆಸರು ಬಿಟ್ಟರೆ ಸಾಕೇನೋ, ನಮ್ಮ ಕಡೆ ಸಾಲದು. "ಶ್ರೀನಿವಾಸಪುರದ ಹತ್ತಿರ, ಮಾವಿನ ತೋಟದವರ ಮನೆ, ಎರಡನೇ ಮಗಳು ಗಂಡನ ಮನೆಯಿಂದ ವಾಪಸ್ ಬಂದಿದ್ದಾಳೆ" ಅಂದರೆ ಆ ಕಡೆಯವರಿಗೆ ಯಾವ ಮನೆ ಅಂತ ಗೊತ್ತಾಗಿಯೇ ಹೋಗುತ್ತದೆ. ಆಮೇಲೆ ಅವಳ ತಂಗಿಗೆ ಸಂಬಂಧ ನೋಡುವಾಗಲೂ ಆ ಮಾತು ಎದ್ದು ಬರುತ್ತದೆ.

ಅದಕ್ಕೇ ನಾವು ಪಾಲಿಸುವುದು ಇಷ್ಟು: ಅವರಿಗೆ ಏನಾಯಿತು ಅನ್ನುವುದು ಬೇಡ, ನಿಮಗೆ ಏನಾಯಿತು ಅದನ್ನು ಹೇಳಿ. "ಇವತ್ತು ಹೋದ ಮನೆಯಲ್ಲಿ ಬಾಗಿಲೇ ತೆಗೆಯಲಿಲ್ಲ. ನನ್ನ ಹಳೇ ದಿನಗಳು ನೆನಪಾಗಿ ಬಸ್ಸಲ್ಲಿ ಅಳು ಬಂತು" ಎಂದು ಒಬ್ಬರು ಬರೆದರೆ, ಅದೇ ಹಾದಿ ಸವೆಸಿದ ಇನ್ನೊಬ್ಬರು ಸಮಾಧಾನ ಹೇಳಬಲ್ಲರು. ಅದಕ್ಕೆ ಊರು, ಜಾತಿ, ಡಾಕ್ಟರ ಚೀಟಿ ಯಾವುದೂ ಬೇಕಾಗಿಲ್ಲ. ಚೀಟಿಯದೋ ಯುಡಿಐಡಿ (ಅಂಗವೈಕಲ್ಯದ ಗುರುತಿನ) ಕಾರ್ಡಿನದೋ ಫೋಟೋ ಬಂದರೆ ಕೂಡಲೇ ಅಳಿಸಿ. ಬೇರೆಯವರು ಹಾಕಿದ್ದನ್ನೂ ಎಲ್ಲರ ಫೋನಿನಿಂದ ಅಳಿಸಲು ಅಡ್ಮಿನ್‌ಗೆ ಸಾಧ್ಯ. ಹಾಕಿದವರಿಗೆ ಫೋನ್ ಮಾಡಿ ಕಾರಣ ಹೇಳಿ, ಗುಂಪಿನಲ್ಲಿ ಮಾತ್ರ ಬೈಯಬೇಡಿ. ನಾಲ್ಕು ಜನರೆದುರು ತಲೆ ತಗ್ಗಿಸುವ ನೋವನ್ನು ನಮ್ಮವರು ಆಗಲೇ ಸಾಕಷ್ಟು ಉಂಡಿದ್ದಾರೆ.

ಕಾನೂನೂ ಇದನ್ನೇ ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಕಾಯಿಲೆ ಮತ್ತು ಚಿಕಿತ್ಸೆಯ ವಿಷಯ ಗುಟ್ಟಾಗಿ ಉಳಿಯುವುದು ಆ ವ್ಯಕ್ತಿಯ ಹಕ್ಕು. ಜೀವಕ್ಕೆ ಅಪಾಯ ಇರುವಂಥ ಕೆಲವು ಸಂದರ್ಭಗಳಲ್ಲಿ ಹೇಳಬಹುದು. ಇನ್ನೊಬ್ಬರಿಗೆ ಹಾನಿಯಾಗುವುದನ್ನು ತಪ್ಪಿಸಲು ಹೇಳುವಾಗಲೂ, ಅದಕ್ಕೆ ಬೇಕಾದಷ್ಟನ್ನು ಮಾತ್ರ. ಈ ಸೆಕ್ಷನ್ ಬರೆದಿರುವುದು ಚಿಕಿತ್ಸೆ ಕೊಡುವವರಿಗೆ. ಆದರೂ ನಮ್ಮ ಗುಂಪಿಗೆ ಅದಕ್ಕಿಂತ ಒಳ್ಳೆಯ ಅಳತೆ ನನಗೆ ಕಂಡಿಲ್ಲ.

ಬರೆಯಲು ಹಿಂಜರಿಯುವವರು ವಾಯ್ಸ್ ಮೆಸೇಜ್ ಹಾಕುತ್ತಾರೆ. ಹಾಕಲಿ. ಮುಳಬಾಗಿಲು, ಬಾಗೇಪಲ್ಲಿ ಕಡೆಯವರು ತೆಲುಗಿನಲ್ಲಿ, ಕೆಜಿಎಫ್‌ನವರು ತಮಿಳಿನಲ್ಲಿ ಹೇಳಿಕೊಂಡರೂ ತಡೆಯಬೇಡಿ. ಸಂಕಟ ಯಾವ ಭಾಷೆಯಲ್ಲಿ ಬರುತ್ತದೋ ಅದರಲ್ಲೇ ಬರಬೇಕು. ಆದರೆ ಆ ವಾಯ್ಸ್ ಬಸ್ಸಿನಲ್ಲಿ ಸ್ಪೀಕರ್ ಮೇಲೆ ಕೇಳಿಸಬಾರದು. ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಫೋನು, ಸಂಜೆ ಅದು ಮಕ್ಕಳ ಕೈಯಲ್ಲಿರುತ್ತದೆ. ಮೆಸೇಜುಗಳು 7 ದಿನಕ್ಕೆ ತಾವಾಗಿ ಅಳಿಯುವಂತೆ ಸೆಟ್ಟಿಂಗ್ ಇಡಿ. ಸ್ಕ್ರೀನ್‌ಶಾಟ್ ತಡೆಯಲು ಅದರಿಂದ ಆಗುವುದಿಲ್ಲ, ನಿಜ.

ಮಾತ್ರೆಯ ವಿಷಯದಲ್ಲಿ ಎಲ್ಲರ ಬಾಯಿ ಮುಚ್ಚಿಸಬೇಡಿ. ಕೈ ನಡುಗುತ್ತದೆ, ಮೈ ದಪ್ಪ ಆಗುತ್ತಿದೆ, ಇದನ್ನು ಡಾಕ್ಟರ ಹತ್ತಿರ ಹೇಗೆ ಕೇಳಲಿ ಅನ್ನುವ ಮಾತಿಗೆ ನಮ್ಮಂಥವರಿಗಿಂತ ಚೆನ್ನಾಗಿ ಉತ್ತರ ಕೊಡುವವರು ಕಡಿಮೆ. "ನಾನು ಅರ್ಧ ಮಾಡಿಕೊಂಡೆ, ನೀನೂ ಮಾಡು" ಅನ್ನುವುದನ್ನು ಮಾತ್ರ ನಿಲ್ಲಿಸಬೇಕು. ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಿಗೆ ಆಗಾಗ ರಕ್ತ ಪರೀಕ್ಷೆ ಮಾಡಿಸುವುದು ಸುಮ್ಮನೆ ಅಲ್ಲ. ವಾಂತಿ ಭೇದಿಯಾದರೆ, ಬಿಸಿಲಲ್ಲಿ ಬೆವರಿ ಮೈಯ ನೀರು ಕಡಿಮೆಯಾದರೆ, ಊಟದಲ್ಲಿ ಉಪ್ಪನ್ನು ಒಮ್ಮೆಲೇ ಬಿಟ್ಟರೆ, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ನುಂಗಿದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಒಬ್ಬರಿಗೆ ಒಗ್ಗಿದ ಡೋಸ್ ಇನ್ನೊಬ್ಬರಿಗೆ ಹೇಳುವ ಹಾಗೇ ಇಲ್ಲ.

ಗುಡ್ ಮಾರ್ನಿಂಗ್ ಚಿತ್ರ, ಪಕ್ಷದ ಫಾರ್ವರ್ಡ್ ಬೇಡ. ಪ್ರಾಜೆಕ್ಟ್ ಕೋಆರ್ಡಿನೇಟರ್, ಡಾಕ್ಟರ್ ಯಾರನ್ನೂ ಸೇರಿಸಬೇಡಿ. ಸಂಬಳ ಕೊಡುವವರು ಓದುತ್ತಾರೆ ಅಂದರೆ ಸುಸ್ತಾಗಿದೆ ಅನ್ನಲೂ ಜನ ಹೆದರುತ್ತಾರೆ.

ರಾತ್ರಿ ಹೊತ್ತು ಸದಸ್ಯರೊಬ್ಬರು "ಬದುಕೋದೇ ಬೇಡ ಅನ್ನಿಸ್ತಿದೆ" ಎಂದು ಬರೆದರೆ? ಎಲ್ಲರೂ ಕೈಮುಗಿಯುವ ಚಿತ್ರ ಹಾಕುತ್ತಾ ಕೂರಬಾರದು. ಕನಿಷ್ಠ ಇಬ್ಬರು ಅಡ್ಮಿನ್ ಇರಬೇಕು ಅನ್ನುವುದು ಇದಕ್ಕೇ: ಒಬ್ಬರು ತಕ್ಷಣ ಅವರಿಗೆ ಫೋನ್ ಮಾಡಬೇಕು, ಇನ್ನೊಬ್ಬರು ಗುಂಪನ್ನು ನೋಡಿಕೊಳ್ಳಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಹಗಲೂ ರಾತ್ರಿ ಉಚಿತ, 2022ರ ಅಕ್ಟೋಬರ್‌ನಿಂದ ಇದೆ, ಕನ್ನಡದಲ್ಲೇ ಮಾತಾಡಬಹುದು. ಈಗಾಗಲೇ ಏನಾದರೂ ಮಾಡಿಕೊಂಡಿದ್ದರೆ 108. ಪೊಲೀಸ್ ಕೇಸಾಗುತ್ತದೆ ಎಂದು ಮನೆಯವರು ಹೆದರಿ ಆಸ್ಪತ್ರೆಗೆ ತಡ ಮಾಡುವುದುಂಟು. ಹಾಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಶಿಕ್ಷೆ ಕೊಡುವಂತಿಲ್ಲ ಎಂದು ಅದೇ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. ಇದನ್ನು ನಿಮ್ಮವರೆಲ್ಲರಿಗೂ ಮೊದಲೇ ತಿಳಿಸಿಡಿ.

ಇನ್ನು ಹುಷಾರು ತಪ್ಪಿದವರ ವಿಷಯ. ದಯವಿಟ್ಟು ತೆಗೆಯಬೇಡಿ. ಮನೆ ಭೇಟಿಯ ಕೆಲಸದಿಂದ ಸ್ವಲ್ಪ ದಿನ ಬಿಡುವು ಬೇಕಾಗಬಹುದು, ಗುಂಪಿನಿಂದಲ್ಲ. ಉನ್ಮಾದದಲ್ಲಿ ರಾತ್ರಿಯಿಡೀ ಮೆಸೇಜ್ ಬರುತ್ತಿದ್ದರೆ ಬೆಳಗಿನವರೆಗೆ ಅಡ್ಮಿನ್ ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್ ಬದಲಿಸಿ, ಅವರ ಜೊತೆ ಬೇರೆಯಾಗಿ ಮಾತಾಡಿ. ತಮಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ಹುಷಾರಾಗಿರುವಾಗಲೇ ಬರೆದಿಡುವ ಮುಂಗಡ ನಿರ್ದೇಶನದ ಹಕ್ಕು ಆ ಕಾಯ್ದೆಯಲ್ಲಿದೆ. ನಾವು ಅದನ್ನೇ ಚಿಕ್ಕದಾಗಿ ಮಾಡಿಕೊಂಡಿದ್ದೇವೆ. ಸೇರುವಾಗಲೇ ಪ್ರತಿಯೊಬ್ಬರನ್ನೂ ಕೇಳುತ್ತೇವೆ: ನಿಮಗೆ ಹುಷಾರು ತಪ್ಪುತ್ತಿದೆ ಅಂತ ನಮಗೆ ಹೇಗೆ ಗೊತ್ತಾಗುತ್ತದೆ, ಆಗ ಯಾರಿಗೆ ಫೋನ್ ಮಾಡಬೇಕು, ಯಾರಿಗೆ ಮಾಡಲೇಬಾರದು? ಕೆಲವರು ಗಂಡನ ಹೆಸರು ಹೇಳುತ್ತಾರೆ, ಕೆಲವರು ಗಂಡನಿಗೆ ಮಾತ್ರ ಬೇಡ ಅನ್ನುತ್ತಾರೆ. ಬರೆದುಕೊಂಡ ಹಾಳೆ ಅಡ್ಮಿನ್‌ಗಳ ಹತ್ತಿರ ಮಾತ್ರ ಇರಲಿ, ಫೋನಿನಲ್ಲಿ ಬೇಡ. ಅಡ್ಮಿನ್ ಆದ ನೀವೂ ಅದರಲ್ಲಿ ನಿಮ್ಮದನ್ನು ಬರೆದಿಡಿ.